ಹವಾಮಾನ ಹೇಳಬಹುದು, ಹವಾ ಹೇಳುವಂತಿಲ್ಲ

ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಮಾನ್ಯರಿಗೆ,

ಬೆಂಗಳೂರಿನ ಒಬ್ಬ ರೇಡಿಯೋ ಕೇಳುಗನ ಸಾಷ್ಟಾಂಗ ನಮಸ್ಕಾರಗಳು. ನಾವು ಇಲ್ಲಿ ಕ್ಷೇಮ. ತಮ್ಮ ಕ್ಷೇಮ ಸಮಾಚಾರವನ್ನು ಖಾಸಗಿ ಎಫ್‌ಎಂನಲ್ಲಿ ಕೇಳಿ ತಿಳಿಯೋಣವೆಂದರೆ ಅದೂ ಸಮಾಚಾರವೇ ಆಗಿಬಿಡುತ್ತದಲ್ಲ, ಹಾಗಾಗಿ ಕಾಗದ ಬರೆಯುತ್ತಿದ್ದೇನೆ.

ದೇಶದ ಮೊದಲ ಖಾಸಗಿ ಎಫ್‌ಎಂ 2001ರ ಜುಲೈನಲ್ಲಿ ಬಾಯಿಬಿಟ್ಟದ್ದು ನಮ್ಮೂರಿನಲ್ಲೇ. ಅಂದಿನಿಂದ ಅದು ಹಾಡಿದೆ, ಹರಟಿದೆ, ಕೇಳುಗರಿಗೆ ಫೋನು ಮಾಡಿ ಬಕ್ರಾ ಮಾಡಿದೆ. ತನ್ನದೇ ಆದ ಒಂದು ಸುದ್ದಿಯನ್ನು ಮಾತ್ರ ಹೇಳದಂತೆ ತಾವು ಕಾಯ್ದುಕೊಂಡು ಬಂದಿದ್ದೀರಿ. 2011ರ ಮಾರ್ಗಸೂಚಿಯಲ್ಲಂತೂ ಎಷ್ಟು ಔದಾರ್ಯ! ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ತಿದ್ದದೆ ಹಾಗೇ ಮರುಪ್ರಸಾರ ಮಾಡಬಹುದು. ಜೊತೆಗೆ ಟ್ರಾಫಿಕ್, ಹವಾಮಾನ, ಪರೀಕ್ಷೆಯ ಫಲಿತಾಂಶ, ನೀರು, ಕರೆಂಟು ಇವೆಲ್ಲ ಸುದ್ದಿಯೇ ಅಲ್ಲವೆಂದು ತೀರ್ಪಿತ್ತು ದಯಪಾಲಿಸಿದ್ದೀರಿ.

ಇದರ ಫಲವನ್ನು ನಾವು ದಿನಾ ಉಣ್ಣುತ್ತಿದ್ದೇವೆ. ‘ಫ್ರೀಡಂ ಪಾರ್ಕ್ ಸುತ್ತಮುತ್ತ ಫುಲ್ ಜಾಮ್ ಗುರೂ, ಆನಂದರಾವ್ ಸರ್ಕಲ್ ಕಡೆ ತಲೆ ಹಾಕ್ಬೇಡಿ’ ಎನ್ನುತ್ತಾಳೆ ಆರ್‌ಜೆ. ಅಲ್ಲಿಯವರೆಗೆ ಅದು ಟ್ರಾಫಿಕ್. ಅಂಗನವಾಡಿ ಕಾರ್ಯಕರ್ತೆಯರು ಅಲ್ಲಿ ಧರಣಿ ಕೂತಿದ್ದಾರೆ, ಅವರು ಕೇಳುತ್ತಿರುವ ಗೌರವಧನ ಇಷ್ಟು ಎಂದು ಇನ್ನೊಂದು ವಾಕ್ಯ ಸೇರಿಸಿದಳೋ, ಅದು ಸುದ್ದಿ, ಪರವಾನಗಿಗೆ ಸಂಚಕಾರ. ಆದ್ದರಿಂದ ಅವಳು ಗಂಟಲಲ್ಲಿದ್ದ ವಾಕ್ಯವನ್ನು ನುಂಗಿ ಒಂದು ಡ್ಯುಯೆಟ್ ಹಾಕುತ್ತಾಳೆ. ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ ಎನ್ನಬಹುದು. ಯಾಕೆ ಬರುವುದಿಲ್ಲ, ಟ್ಯಾಂಕರಿನವರಿಗೆ ಮಾತ್ರ ಎಲ್ಲಿಂದ ಬರುತ್ತದೆ ಎಂದು ಕೇಳಲು ಬೇರೆ ಲೈಸೆನ್ಸ್ ಬೇಕು. ಅದನ್ನು ತಾವು ಇನ್ನೂ ಅಚ್ಚು ಹಾಕಿಸಿಲ್ಲ.

ಈ ಕಟ್ಟುಪಾಡು ಯಾಕೆಂದು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆ ಬಂದಾಗ, ಭದ್ರತೆಗೆ ಅಪಾಯ, ಪ್ರತಿ ಕೇಂದ್ರದ ಸುದ್ದಿಯ ಮೇಲೆ ಕಣ್ಣಿಡುವ ವ್ಯವಸ್ಥೆಯಿಲ್ಲ ಎಂಬರ್ಥದ ಉತ್ತರ ಕೊಟ್ಟಿರಿ. ಒಪ್ಪಿದೆ. ನ್ಯೂಸ್ ಚಾನೆಲ್ಲುಗಳಿಗೆ ಲೈಸೆನ್ಸ್ ಕೊಟ್ಟವರೂ ತಾವೇ. ಅಲ್ಲಿ ಎಂಟು ಜನ ಎಂಟು ಕಿಟಕಿಗಳಲ್ಲಿ ಕೂತು ಒಟ್ಟಿಗೇ ಕಿರುಚಿದರೂ ದೇಶ ಭದ್ರವಾಗಿರುತ್ತದೆ. ವಾಟ್ಸಾಪಿನಲ್ಲಿ ನಮ್ಮ ಚಿಕ್ಕಪ್ಪ ಬೆಳಗಾಗುವಷ್ಟರಲ್ಲಿ ಎರಡು ಯುದ್ಧ ಗೆದ್ದಿರುತ್ತಾರೆ, ಅದೂ ಭದ್ರ. ಆಟೋದಲ್ಲಿ ಹಾಡು ಕೇಳುತ್ತ ಹೋಗುವವನ ಕಿವಿಗೆ ಪಾಲಿಕೆಯ ಸುದ್ದಿ ಬಿದ್ದರೆ ಮಾತ್ರ ಗಡಿ ಅಲುಗಾಡುತ್ತದೆ!

ಸಮುದಾಯ ರೇಡಿಯೋಗಳ ಮೇಲೂ ತಮಗೆ ಅಷ್ಟೇ ಅಕ್ಕರೆ. ಕೋಲಾರ ಜಿಲ್ಲೆಯ ಬೂದಿಕೋಟೆಯವರು ‘ನಮ್ಮ ಧ್ವನಿ’ ಶುರು ಮಾಡಿದಾಗ ಹಳ್ಳಿಯವರಿಗೆ ತರಂಗದ ಲೈಸೆನ್ಸೇ ಸಿಗುತ್ತಿರಲಿಲ್ಲ. ಅವರು ಕೇಬಲ್ ಎಳೆದು ಮನೆಮನೆಗೆ ದನಿ ಹರಿಸಿದರು. ಸ್ವಯಂಸೇವಾ ಸಂಸ್ಥೆಗಳಿಗೂ ತರಂಗ ಕೊಡಬಹುದೆಂದು ತಮಗೆ ಹೊಳೆದದ್ದು 2006ರಲ್ಲಿ. ಅದೂ ನೂರು ವಾಟ್, ನಮ್ಮ ಬಚ್ಚಲುಮನೆಯ ಹಳೇ ಬಲ್ಬಿನಷ್ಟು. ಆ ನೂರು ವಾಟಿನಲ್ಲೂ ಊರ ಪಂಚಾಯಿತಿಯ ಸುದ್ದಿ ಓದುವಂತಿಲ್ಲ.

ಗಾಳಿಯಲೆ ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಸ್ವತ್ತು ನಮ್ಮದು, ಹರಾಜು ಕೂಗುವವರು ತಾವು, ಬಂದ ದುಡ್ಡೂ ತಮ್ಮ ಖಜಾನೆಗೆ. ಅದಕ್ಕೆ ನನ್ನ ತಕರಾರಿಲ್ಲ. ಕೊಂಡವನು ವರ್ಷಾ ವರ್ಷಾ ಶುಲ್ಕ ಕಟ್ಟಿಯೂ ಅರ್ಧ ಬಾಯಿ ಮುಚ್ಚಿಕೊಂಡೇ ಇರಬೇಕು ಎಂಬ ಕರಾರು ಮಾತ್ರ ಯಾವ ಊರಿನದೋ ತಿಳಿಯದು. ಅಂದಹಾಗೆ, 1935ರಲ್ಲಿ ಮೈಸೂರಿನ ಪ್ರೊಫೆಸರ್ ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದರು. ತಮ್ಮ ಆಕಾಶವಾಣಿಗೆ ಆ ಹೆಸರು ದಕ್ಕಿದ್ದು ಆ ಮನೆಯ ಕೇಂದ್ರದಿಂದ. ಮೇಷ್ಟ್ರು ಈಗ ಅರ್ಜಿ ಹಾಕಿದ್ದರೆ, ಗೃಹ ಇಲಾಖೆ, ರಕ್ಷಣಾ ಇಲಾಖೆಗಳ ಒಪ್ಪಿಗೆಗೆ ಕಾಯುತ್ತಲೇ ನಿವೃತ್ತರಾಗುತ್ತಿದ್ದರು.

ಗಂಟೆಗೆ ಹತ್ತು ನಿಮಿಷದವರೆಗೆ ಸುದ್ದಿ ಹೇಳಲು ಖಾಸಗಿ ಎಫ್‌ಎಂಗಳಿಗೆ ಬಿಡಿ ಎಂದು 2023ರ ಸೆಪ್ಟೆಂಬರಿನಲ್ಲಿ ಶಿಫಾರಸು ಮಾಡಿದ್ದು ನಾನಲ್ಲ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್. ಆ ಕಡತವನ್ನು ಹುಡುಕಿ ತೆಗೆದು ಸಹಿ ಹಾಕಿ, ಸ್ವಾಮೀ. ಹಾಕಿದ ಮೇಲೆ ಆಕಾಶವಾಣಿಗೆ ತಿಳಿಸಲು ಮರೆಯಬೇಡಿ. ಸದ್ಯದ ನಿಯಮದಂತೆ ಆ ಸುದ್ದಿಯನ್ನೂ ಖಾಸಗಿ ಎಫ್‌ಎಂನವರು ತಾವಾಗಿ ಹೇಳುವಂತಿಲ್ಲ.

ಇಂತಿ ತಮ್ಮ ವಿಧೇಯ,
ಒಬ್ಬ ಕೇಳುಗ