ಗಜೇಂದ್ರನ ರಾಯರು

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನೊಳಗೆ ‘8 ಜನ, 544 ಕೆಜಿ’ ಎಂಬ ಫಲಕ ಇದೆ. ಅದನ್ನು ಗಮನವಿಟ್ಟು ಓದಿದವರು ಇಬ್ಬರೇ: ಅಂಟಿಸಿದವನು ಮತ್ತು ರಾಯರು. ನಾಯಿಯನ್ನು ಲಿಫ್ಟಿನಲ್ಲಿ ತರಕೂಡದು ಅಂತ ಸೆಕ್ರೆಟರಿ ತಗಾದೆ ತೆಗೆದ ದಿನ ರಾಯರು ಅಲ್ಲೇ ಭಾಗಾಕಾರಕ್ಕಿಳಿದರು. “544ನ್ನ 8ರಿಂದ ಭಾಗಿಸಿ. ತಲೆಗೆ 68 ಬಂತಾ? ನಮ್ಮ ಗಜ 52. ಲಿಫ್ಟಿನ ಲೆಕ್ಕದಲ್ಲಿ ಅವನು ಒಂದು ಪೂರ್ತಿ ಆಳೂ ಅಲ್ಲ ಸ್ವಾಮಿ. ತಾವು ಎಷ್ಟಿದ್ದೀರಿ?” ಸಾಕುನಾಯಿಗೆ ಲಿಫ್ಟ್ ನಿರಾಕರಿಸಬಾರದೆಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ, ಲ್ಯಾಮಿನೇಟ್ ಆಗಿ, ಅವರ ಜೇಬಿನಲ್ಲೇ ಇತ್ತು. ತೆಗೆಯಲಿಲ್ಲ. ಬ್ಯಾಂಕಿನಲ್ಲಿ ಸವೆದವರಿಗೆ ಕಾನೂನಿಗಿಂತ ಲೆಕ್ಕದ ಮೇಲೆ ಭರವಸೆ ಜಾಸ್ತಿ. ಸೆಕ್ರೆಟರಿ ಅಂದಿನಿಂದ ಮೆಟ್ಟಿಲು ಹತ್ತುತ್ತಾರೆ. ಆರೋಗ್ಯಕ್ಕಂತೆ.

ಗಜ ಅಂದರೆ ಗಜೇಂದ್ರ, ಜಾತಿಯಲ್ಲಿ ಗ್ರೇಟ್ ಡೇನ್. ಡೆನ್ಮಾರ್ಕಿನದಾ ಅಂತ ಕೇಳಿ ನೋಡಿ, ರಾಯರು ನಿಮ್ಮನ್ನು ನಿಲ್ಲಿಸಿಕೊಂಡು ಜರ್ಮನಿಯ ಕಾಡುಹಂದಿ ಬೇಟೆಯಿಂದ ಶುರು ಮಾಡುತ್ತಾರೆ. ಬಲ ಹಿಂಗಾಲು ತೊಡೆಯಿಂದ ಕೆಳಗೆ ಇಲ್ಲ. ಇಂಥ ರಾಯರು ಈಗ ಬೆಂಗಳೂರಿನ ಬಡಾವಣೆಗೊಬ್ಬರು ಸಿಗುತ್ತಾರೆ. ಬ್ಯಾಂಕಿನಿಂದಲೋ ಎಚ್‌ಎಎಲ್‌ನಿಂದಲೋ ರಿಟೈರ್ ಆದವರು, ಮಕ್ಕಳು ಹೊರದೇಶದಲ್ಲಿ, ಕೈಯಲ್ಲಿ ದಪ್ಪ ಬೆಲ್ಟು, ಅದರ ತುದಿಯಲ್ಲಿ ಕರುವಿನಷ್ಟು ಎತ್ತರದ ನಾಯಿ. ನಾಯಿಗೆ ಕಣ್ಣೋ ಕಿವಿಯೋ ಕಾಲೋ ಏನೋ ಒಂದು ಕಡಿಮೆ. ಅವರೆದುರು ಅಪ್ಪಿತಪ್ಪಿಯೂ ‘ಪಾಪ’ ಅನ್ನಬಾರದು. “ಪಾಪ ಯಾಕ್ರೀ? ಮರಕ್ಕೆ ಎತ್ತಬೇಕಾದ ಕಾಲೇ ಇಲ್ಲ, ಅವನಿಗೆ ಅರ್ಧ ಕೆಲಸ ಉಳೀತು,” ಅಂತ ಬಾಯಿ ಮುಚ್ಚಿಸುತ್ತಾರೆ.

ಇದಕ್ಕೆಲ್ಲ ಮೂಲ ಸಿನಿಮಾ. 2022ರಲ್ಲಿ ‘777 ಚಾರ್ಲಿ’ ನೋಡಿ ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರು ಕಣ್ಣೀರು ಹಾಕಿದ್ದು ಪೇಪರಿನಲ್ಲಿ ಬಂತು. ರಾಯರೂ ಅತ್ತರು, ಪೇಪರಿನಲ್ಲಿ ಬರಲಿಲ್ಲ. ಚಾರ್ಲಿಯಂಥದೇ ಲ್ಯಾಬ್ರಡಾರ್ ಬೇಕು ಅಂತ ಆಶ್ರಯಧಾಮಕ್ಕೆ ಹೋದರೆ, ಅಲ್ಲಿ ಮೂಲೆಯಲ್ಲಿದ್ದ ಇವನು ಕುಪ್ಪಳಿಸಿಕೊಂಡು ಬಂದು ರಾಯರಿಗೆ ಒರಗಿ ನಿಂತ. ಇಷ್ಟವಾದವರಿಗೆ ಮೈಯೆಲ್ಲ ಭಾರ ಬಿಟ್ಟು ಒರಗುವುದು ಈ ತಳಿಯ ಚಾಳಿ. ಗಜನಿಗೆ ಚಾಳಿಯ ಜೊತೆಗೆ ಅನುಕೂಲವೂ ಹೌದು. ನನ್ನನ್ನೇ ಆರಿಸಿಕೊಂಡ ಅಂತ ರಾಯರು ಕರಗಿಹೋದರು. ಆಮೇಲೆ ನೋಡಿದರೆ ಅವನು ಹಾಲಿನವನಿಗೂ ಒರಗುತ್ತಾನೆ, ಕೊರಿಯರ್ ಹುಡುಗನಿಗೂ ಒರಗುತ್ತಾನೆ, ಅವರು ಹೋಗಿ ಗೋಡೆಗೆ ಒರಗುತ್ತಾರೆ.

ಆದರೆ ಆಶ್ರಯಧಾಮದವರು ನಾಯಿಯನ್ನು ಹಾಗೆ ಸುಮ್ಮನೆ ಕೊಡುವುದಿಲ್ಲ. ಅರ್ಜಿ ತುಂಬಿಸಿಕೊಂಡು, ಮನೆಗೇ ಬಂದು, ಬಾಲ್ಕನಿಯ ಕಂಬಿ ಅಲ್ಲಾಡಿಸಿ ನೋಡಿ, ನೀವು ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ, ತಿಂಗಳಿಗೆ ಎಷ್ಟು ಖರ್ಚು ಮಾಡಬಲ್ಲಿರಿ ಅಂತ ಇಬ್ಬರು ಹುಡುಗಿಯರು ಒಂದು ಗಂಟೆ ವಿಚಾರಿಸಿದರು. “ನಮ್ಮ ಮಗಳಿಗೆ ಗಂಡು ನೋಡಿದಾಗ ಇದರಲ್ಲಿ ಅರ್ಧ ಕೇಳಿದ್ದರೆ ಸಾಕಿತ್ತು,” ಅಂತ ರಾಯರ ಹೆಂಡತಿ ಉಪ್ಪಿಟ್ಟಿನ ತಟ್ಟೆ ಇಡುತ್ತಾ ಹೇಳಿದರಂತೆ. ಆ ಹುಡುಗಿಯರ ಎಚ್ಚರಿಕೆ ಸರಿಯೇ. ಮರಿಯಾಗಿದ್ದಾಗ ತೊಡೆ ಮೇಲೆ ಕೂರಿಸಿ ಫೋಟೋ ತೆಗೆಸಿಕೊಂಡವರು, ವರ್ಷ ತುಂಬುವಷ್ಟರಲ್ಲಿ ಅದರ ಮೂತಿ ಊಟದ ಟೇಬಲ್ಲಿಗೆ ಎಟುಕಿದಾಗ ಬೆಚ್ಚುತ್ತಾರೆ. ಅಂಥದಕ್ಕೆ ಕಾಲೂ ಮುರಿದರೆ ರಾತ್ರೋರಾತ್ರಿ ಯಾರದೋ ಗೇಟಿಗೆ ಕಟ್ಟಿ ಹೋಗುವವರಿದ್ದಾರೆ.

ಈಗ ರಾಯರ ಮನೆಗೆ ಹೋದರೆ ಕಾಲಿಡಲು ಜಾಗ ಹುಡುಕಬೇಕು. ಟೈಲ್ಸ್ ಮೇಲೆ ಮೂರು ಕಾಲು ಜಾರುತ್ತದೆ ಅಂತ ಸೋಫಾದಿಂದ ಬಾಲ್ಕನಿವರೆಗೆ ಯೋಗದ ಮ್ಯಾಟು, ತೆಂಗಿನ ನಾರಿನ ಚಾಪೆ, ಮದುವೆಯಲ್ಲಿ ಬಂದ ಜಮಖಾನ ಎಲ್ಲ ಹಾಸಿದ್ದಾರೆ. “ಅದು ಅವನ ದಾರಿ, ನೀವು ಈ ಕಡೆ ಬನ್ನಿ,” ಅಂತ ನಮ್ಮನ್ನು ಟೈಲ್ಸ್ ಮೇಲೆ ನಡೆಸುತ್ತಾರೆ. ಬಟ್ಟಲು ಎತ್ತರದಲ್ಲಿಟ್ಟರೆ ಒಳ್ಳೆಯದು ಅಂತ ಯಾರೋ ಹೇಳಿದ್ದಕ್ಕೆ ಅಡುಗೆಮನೆಯ ಮಣೆ ಗಜನ ಪಾಲಾಯಿತು. ಹಾಗಿಟ್ಟರೆ ಹೊಟ್ಟೆ ಉಬ್ಬರದ ಅಪಾಯವೇ ಹೆಚ್ಚು ಅಂತ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2000ದಲ್ಲೇ ಪ್ರಕಟಿಸಿದ್ದು ಕಣ್ಣಿಗೆ ಬಿತ್ತು, ಮಣೆ ವಾಪಸ್ ಬಂತು. ಉಬ್ಬರವೆಂದರೆ ತಮಾಷೆಯಲ್ಲ. ಇಂಥ ಆಳದ ಎದೆಯ ನಾಯಿಗಳಿಗೆ ಗಾಳಿ ತುಂಬಿ ಜಠರವೇ ತಿರುಚಿಕೊಂಡರೆ ಕೆಲವೇ ಗಂಟೆಯಲ್ಲಿ ಪ್ರಾಣಕ್ಕೆ ಬರುತ್ತದೆ. ಹಾಗಾಗಿ ಗಜ ಉಂಡ ಮೇಲೆ ಒಂದು ಗಂಟೆ ಅವನು ಅಲ್ಲಾಡಬಾರದು. ಅವನು ಅಲ್ಲಾಡಬಾರದಾದರೆ ಬೆಲ್ಲು ಆಗಬಾರದು, ಕುಕ್ಕರ್ ಕೂಗಬಾರದು, ಮಿಕ್ಸಿ ತಿರುಗಬಾರದು. ಆ ಮನೆಯಲ್ಲಿ ಚಟ್ನಿ ಆಗುವುದು ಗಜನಿಗೆ ಅರಗಿದ ಮೇಲೆ.

ತಿಂಗಳಿಗೊಮ್ಮೆ ತೂಕ. ನಾಯಿಯ ಭಾರದಲ್ಲಿ ಶೇ. 60ರಷ್ಟನ್ನು ಮುಂಗಾಲುಗಳೇ ಹೊರುತ್ತವೆ, ಉಳಿದದ್ದನ್ನು ಇವನು ಒಂದೇ ಹಿಂಗಾಲಿನಲ್ಲಿ ಸುಧಾರಿಸಬೇಕು, ಹೀಗಾಗಿ ಒಂದು ಕಿಲೋ ಹೆಚ್ಚಾದರೂ ಕೀಲಿಗೆ ತೊಂದರೆ. ಬಚ್ಚಲುಮನೆಯ ತೂಕದ ಯಂತ್ರದ ಮೇಲೆ ಗಜ ಹಿಡಿಸುವುದಿಲ್ಲ. ರಾಯರು ಅವನನ್ನು ಗುಜರಿ ಅಂಗಡಿಯ ದೊಡ್ಡ ತಕ್ಕಡಿಗೆ ಕರೆದೊಯ್ಯುತ್ತಾರೆ. ಮೊದಲ ಸಲ ಅಂಗಡಿಯವನು ತಲೆ ಎತ್ತದೆ, ಅಭ್ಯಾಸಬಲದಿಂದ, “ಕಬ್ಬಿಣನಾ ಸಾರ್, ಪೇಪರಾ?” ಅಂದ. ಹೋದ ಸಲ ಮುಳ್ಳು 54 ತೋರಿಸಿತು. ರಾಯರು ಮನೆಗೆ ಬಂದು ವಿಚಾರಣೆ ಕೂರಿಸಿದರು. “ಉಗುರು ಬೆಳೆದಿರಬೇಕು ರೀ,” ಅಂದರು ಅವರ ಹೆಂಡತಿ. ತುಪ್ಪದ ದೋಸೆಯ ವಾಸನೆ ಗಜನ ಬಾಯಲ್ಲಿ ಇನ್ನೂ ಇತ್ತು.

ಕಾಲು ಹೋದದ್ದು ಹೇಗೆ? ಅದು ಕೇಳುವವರ ಮೇಲೆ. ವಾಕಿಂಗ್ ಗೆಳೆಯರಿಗೆ ತಳಿ ವ್ಯಾಪಾರಿಯ ಕ್ರೌರ್ಯ. ಸಕಲೇಶಪುರದ ನೆಂಟರಿಗೆ ಚಿರತೆ. ವಾರ್ಷಿಕ ಮಹಾಸಭೆಯಲ್ಲಿ, ಲಾರಿಗೆ ಅಡ್ಡ ಬಂದ ಮಗುವನ್ನು ಉಳಿಸಲು ಹೋಗಿ. ಆಶ್ರಯಧಾಮದ ಕಾಗದ ನಾನು ನೋಡಿದ್ದೇನೆ: ‘ರಸ್ತೆ ಅಪಘಾತ. ಹಿಂದಿನ ವಿವರ ಲಭ್ಯವಿಲ್ಲ.’ ಅಷ್ಟೇ. ಅಷ್ಟು ಎತ್ತರದ ನಾಯಿಗೆ ಅಷ್ಟು ಚಿಕ್ಕ ಚರಿತ್ರೆ ಸಾಲದು ಅನ್ನುವುದರಲ್ಲಿ ನಾನೂ ರಾಯರ ಪಕ್ಷ.

ಮಕ್ಕಳಿಗೆ ಮಾತ್ರ ಭಾಗವತ. ಮೊನ್ನೆ ಸಂಜೆ ಪಾರ್ಕಿಂಗಿನಲ್ಲಿ ಸೆಕ್ರೆಟರಿಯ ಮೊಮ್ಮಗ ಗಜನ ಬೆನ್ನು ಸವರುತ್ತಾ ಕಥೆ ಕೇಳುತ್ತಿದ್ದ. ಕೆರೆ, ಮೊಸಳೆ, ಕಾಲು ಕಚ್ಚಿದ್ದು, ಕೂಗಿದ್ದು, ಎಲ್ಲ ಆಯಿತು. ವಿಷ್ಣುವಿನ ಜಾಗದಲ್ಲಿ ರಾಯರು ತಾವೇ ಆಟೊ ಹಿಡಿದು ಬಂದಿದ್ದರು.

“ಆ ಮೊಸಳೆ ಈಗ ಎಲ್ಲಿದೆ ತಾತ?”

ರಾಯರು ಸ್ವಲ್ಪ ಯೋಚಿಸಿದರು. ಮೇಲೆ ಮೂರನೇ ಮಹಡಿಯ ಬಾಲ್ಕನಿ ಕಡೆ ನೋಡಿದರು.

“ಮನೆಗೆ ಹೋಗಿ ನಿಮ್ಮ ತಾತನ್ನೇ ಕೇಳು, ಪುಟ್ಟ.”