ದೋಷಖ್ಯಾತಿ ವಿಚಾರ: ಸರ್ವರಿನಿಂದ ಬ್ರೌಸರಿನವರೆಗೆ

ನಮ್ಮ ದಾರ್ಶನಿಕರು ಸತ್ಯಕ್ಕಿಂತ ಹೆಚ್ಚು ಉತ್ಸಾಹದಿಂದ ಜಗಳವಾಡಿದ್ದು ಭ್ರಮೆಯ ವಿಷಯಕ್ಕೆ. ಕಪ್ಪೆಚಿಪ್ಪನ್ನು ಬೆಳ್ಳಿ ಎಂದುಕೊಂಡವನಿಗೆ ನಿಜಕ್ಕೂ ಕಂಡದ್ದೇನು ಎಂಬ ಒಂದೇ ಪ್ರಶ್ನೆಗೆ ಅಖ್ಯಾತಿ, ಅನ್ಯಥಾಖ್ಯಾತಿ, ಅನಿರ್ವಚನೀಯ ಖ್ಯಾತಿ ಎಂದು ಮತಕ್ಕೊಂದು ವಾದ ಹುಟ್ಟಿತು. ಸರ್ವರಿನಲ್ಲಿ ಎರರ್ ಆದಾಗ ಬ್ರೌಸರ್ ಮುಂದೆ ಕೂತವನಿಗೆ ಕಾಣುವುದೇನು ಎಂಬುದನ್ನು ಮಾತ್ರ ಆಚಾರ್ಯರು ಯಾರೂ ಎತ್ತಿಕೊಳ್ಳಲಿಲ್ಲ. ಆ ಕೊರತೆ ನೀಗಲೆಂದೇ ಈ ಗ್ರಂಥ. ಇದಕ್ಕೆ ಅಧಿಕಾರಿ, ಅರ್ಜಿ ಪೂರ್ತಿ ತುಂಬಿ ಸಬ್‌ಮಿಟ್ ಒತ್ತಿದ ಯಾರೇ ಆಗಬಹುದು. ಪ್ರಯೋಜನ, ಅದನ್ನೇ ಮತ್ತೆ ಮತ್ತೆ ಒತ್ತದಿರುವುದು.

ಮೊದಲು ಅನಿರ್ವಚನೀಯವಾದಿಗಳು. ಇವರ ಮಹಾವಾಕ್ಯ: “ಏನೋ ತಪ್ಪಾಗಿದೆ, ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ.” ಪಿನ್‌ಕೋಡಿಗೆ ಐದೇ ಅಂಕಿ ಹಾಕಿದವನಿಗೂ, ಡೇಟಾಬೇಸ್ ಮಲಗಿದ ಹೊತ್ತಿಗೆ ಬಂದವನಿಗೂ ಇದೇ ಉಪದೇಶ. ಎರಡನೆಯವನಿಗೆ ಕಾದರೆ ಫಲವುಂಟು. ಮೊದಲನೆಯವನು ಪ್ರಳಯದವರೆಗೆ ಕಾದರೂ ಐದು ಆರಾಗುವುದಿಲ್ಲ. ಬಾಯಿಬಿಟ್ಟರೆ ಸುರಕ್ಷತೆ ಕೆಡುತ್ತದೆ ಎಂಬುದು ಇವರ ಸಮರ್ಥನೆ. ಅದು ತೀರಾ ಸುಳ್ಳೂ ಅಲ್ಲ: ಸ್ಟ್ಯಾಕ್ ಟ್ರೇಸನ್ನು ಇದ್ದಂತೆ ತೆರೆಗೆ ಸುರಿದರೆ ಫೈಲಿನ ಹಾದಿ, ಟೇಬಲ್ಲಿನ ಹೆಸರು, ಲೈಬ್ರರಿಯ ಆವೃತ್ತಿ ಎಲ್ಲವೂ ಕಳ್ಳನ ಕೈಗೆ ಸಿಗುತ್ತವೆ. ಹಾಗೆ ಸುರಿಯುವ ಪಂಥವೂ ಒಂದಿದೆ, ಅದರ ಖಂಡನೆಗೆ ಇಷ್ಟೇ ಸಾಕು.

ವಿಸ್ತಾರವಾಗಿ ನೋಡಬೇಕಾದದ್ದು ಅನ್ಯಥಾಖ್ಯಾತಿಯನ್ನು, ಅಂದರೆ ಒಂದು ಇನ್ನೊಂದಾಗಿ ತೋರುವುದನ್ನು. ವೆಬ್ ಸರ್ವೀಸುಗಳ ಮಾತುಕತೆಗೆಂದು ಇರುವ ಸೋಪ್ 1.1 ನಿಯಮದ ಪ್ರಕಾರ ಸರ್ವರ್ ತನ್ನ ದೋಷವನ್ನು ‘ಸರ್ವರಿನಲ್ಲಿ ತಪ್ಪು’ ಎಂಬರ್ಥದ 500ರ ಮುದ್ರೆ ಒತ್ತಿಯೇ ಕಳಿಸಬೇಕು. 2008ರಲ್ಲಿ ಮೈಕ್ರೋಸಾಫ್ಟಿನ ಸಿಲ್ವರ್‌ಲೈಟ್ 2 ಬಂತು. ಅದು ಬ್ರೌಸರಿನೊಳಗಿನ ಬಾಡಿಗೆದಾರ. ಹೊರಗಿನ ಟಪಾಲೆಲ್ಲ ಬ್ರೌಸರ್ ಕೈಯಿಂದಲೇ ಬರಬೇಕು. 500ರ ಮುದ್ರೆ ಕಂಡೊಡನೆ ಬ್ರೌಸರ್ ಒಳಗಿನ ಕಾಗದವನ್ನು ತಾನೇ ಇಟ್ಟುಕೊಳ್ಳುತ್ತಿತ್ತು. ಸರ್ವರ್ ಬರೆದ ಸವಿವರ ತಪ್ಪೊಪ್ಪಿಗೆ ಸಮುದ್ರ ದಾಟಿ ಬಂದು ಹೊಸ್ತಿಲಲ್ಲಿ ಮಾಯ. ಪ್ರೋಗ್ರಾಮರಿಗೆ ದಕ್ಕಿದ್ದು ‘ನಾಟ್‌ಫೌಂಡ್’ ಎಂಬ ಒಂದೇ ಪದ. ಸರ್ವೀಸ್ ಸಿಕ್ಕಿದೆ, ಓಡಿದೆ, ಓಡಿ ಮುಗ್ಗರಿಸಿಯೂ ಇದೆ. ತೆರೆ ಮಾತ್ರ ಸಿಗಲೇ ಇಲ್ಲ ಎನ್ನುತ್ತಿದೆ! ಮೈಕ್ರೋಸಾಫ್ಟೇ ಸೂಚಿಸಿದ ಪ್ರಾಯಶ್ಚಿತ್ತ ಇನ್ನೂ ಸೊಗಸು: ಸರ್ವರ್ ಕಡೆಯಲ್ಲೇ 500 ಅಳಿಸಿ 200 ಎಂದು ಬರೆದುಬಿಡಿ. ಹೊರಗೆ ‘ಎಲ್ಲ ಸರಿ’, ಒಳಗೆ ‘ಎಲ್ಲ ಹೋಯ್ತು’. ಆಪದ್ಧರ್ಮವಾಗಿ ಶುರುವಾದದ್ದು ಹಲವು ಕಂಪನಿಗಳಲ್ಲಿ ನಿತ್ಯಕರ್ಮವೇ ಆಯಿತು. ಇದರ ಒಂದು ಲಾಭ: 500 ಎಣಿಸುವ ಡ್ಯಾಶ್‌ಬೋರ್ಡ್ ಸದಾ ಹಸಿರು, ಮ್ಯಾನೇಜರ್ ಸದಾ ಪ್ರಸನ್ನ.

ಅಖ್ಯಾತಿ ಪ್ರಭಾಕರ ಮೀಮಾಂಸಕರ ಮತ. ಸುಳ್ಳು ಜ್ಞಾನ ಎಂಬುದೇ ಇಲ್ಲ ಎನ್ನುವವರು ಅವರು. ಈಗಿನ ಬ್ರೌಸರಿನಲ್ಲಿ ಸರ್ವರಿನಿಂದ ಉತ್ತರ ತರುವ ಫೆಚ್ ಇವರ ಏಕನಿಷ್ಠ ಶಿಷ್ಯ. 404 ಬರಲಿ, 500 ಬರಲಿ, ಅದರ ಲೆಕ್ಕದಲ್ಲಿ ಉತ್ತರ ಬಂದರೆ ಕೆಲಸ ಆಯಿತು. ಎರರ್ ಹೌದೋ ಅಲ್ಲವೋ ಎಂದು ನಾವೇ ಬಗ್ಗಿ ನೋಡಬೇಕು. ಆದರೆ ಬೇರೆ ತಾಣದಿಂದ ಬಂದ ಉತ್ತರದಲ್ಲಿ ಆಕ್ಸೆಸ್-ಕಂಟ್ರೋಲ್-ಅಲೋ-ಒರಿಜಿನ್ ಎಂಬ ಹೆಡರ್ ಇಲ್ಲದಿದ್ದರೆ ಇದೇ ಸಾಧು ಕ್ರೋಮಿನಲ್ಲಿ “ಫೇಲ್ಡ್ ಟು ಫೆಚ್” ಎಂದು ಬಾಗಿಲು ಬಡಿದುಕೊಳ್ಳುತ್ತದೆ; ಸಂಖ್ಯೆಯನ್ನೂ ಹೇಳುವುದಿಲ್ಲ. ಆ ಹೆಡರ್ ಕಾಣೆಯಾಗುವುದು ಸರಿಯಾಗಿ ಎರರ್ ಹೊತ್ತಿಗೇ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರಿನಲ್ಲಿ ಆಡ್-ಹೆಡರ್ ಸಾಲಿನ ಕೊನೆಗೆ ‘ಆಲ್ವೇಸ್’ ಎಂಬ ಪದ ಸೇರಿಸದಿದ್ದರೆ 200ಕ್ಕೆ ಹೆಡರ್ ಅಂಟುತ್ತದೆ, 502ಕ್ಕೆ ಅಂಟುವುದಿಲ್ಲ. ಫ್ರಂಟ್‌ಎಂಡಿನವರು ಬ್ಯಾಕ್‌ಎಂಡಿನವರನ್ನೂ, ಅವರು ನೆಟ್‌ವರ್ಕಿನವರನ್ನೂ ಶಪಿಸುತ್ತ ಸಂಜೆಯಾಗುವುದು ಈ ಒಂದು ಪದದ ಲೋಪದಿಂದ.

ಇನ್ನು ಸಿದ್ಧಾಂತ. ಅಂತರ್ಜಾಲದ ನಿಯಮಪತ್ರಗಳಾದ 2016ರ ಆರ್‌ಎಫ್‌ಸಿ 7807, ಅದನ್ನು ಪರಿಷ್ಕರಿಸಿದ 2023ರ ಆರ್‌ಎಫ್‌ಸಿ 9457 ದೋಷಕ್ಕೆ ಐದು ಅಂಗ ಹೇಳಿವೆ: ಟೈಪ್, ಟೈಟಲ್, ಸ್ಟೇಟಸ್, ಡೀಟೇಲ್, ಇನ್‌ಸ್ಟನ್ಸ್. ಸ್ಟೇಟಸ್ 422, ಡೀಟೇಲ್ “ಪಿನ್‌ಕೋಡಿಗೆ ಆರು ಅಂಕಿ ಬೇಕು, ನೀವು ಕೊಟ್ಟದ್ದು ಐದು”, ಇನ್‌ಸ್ಟನ್ಸ್‌ನಲ್ಲಿ ಈ ಘಟನೆಯ ಗುರುತು. ಅದೇ ಗುರುತಿನಡಿ ಸ್ಟ್ಯಾಕ್ ಟ್ರೇಸ್ ಸರ್ವರಿನ ಲಾಗ್‌ನಲ್ಲಿ ಭದ್ರ. ಕಳ್ಳನಿಗೆ ಏನೂ ಸಿಗಲಿಲ್ಲ, ಅರ್ಜಿದಾರನಿಗೆ ಆರನೇ ಅಂಕಿ ನೆನಪಾಯಿತು. ಇಷ್ಟಾಗಿಯೂ ಅನಿರ್ವಚನೀಯವಾದಿಗಳು ಡೀಟೇಲ್ ಜಾಗದಲ್ಲಿ “ಏನೋ ತಪ್ಪಾಗಿದೆ” ಎಂದೇ ಬರೆಯುತ್ತಾರೆ. ಅವರೊಡನೆ ವಾದ ಸಲ್ಲದು.

ಶೇಷವಿಚಾರ. ಹಳೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್, 404 ಅಥವಾ 500ರ ಜೊತೆ ಬಂದ ಪುಟ 512 ಬೈಟ್‌ನಷ್ಟೂ ಇಲ್ಲದಿದ್ದರೆ ಅದನ್ನು ಪಕ್ಕಕ್ಕೆ ತಳ್ಳಿ ತನ್ನದೇ ‘ಸ್ನೇಹಮಯ’ ಪುಟ ತೋರಿಸುತ್ತಿತ್ತು. ಚುಟುಕಾಗಿ ನಿಜ ಹೇಳಿದವನಿಗೆ ಅಲ್ಲಿ ಬೆಲೆಯಿರಲಿಲ್ಲ. ಇಲ್ಲಿ ಕನ್ನಡಿಗರಿಗೊಂದು ವಿಶೇಷ ಅನುಕೂಲವಿತ್ತು: ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಕನ್ನಡದ ಅಕ್ಷರಕ್ಕೂ ಗುಣಿತದ ಗುರುತಿಗೂ ತಲಾ 3. ಕನ್ನಡದಲ್ಲಿ ಗೋಳು ತೋಡಿಕೊಂಡ ಸರ್ವರ್ ನಾಲ್ಕಾರು ವಾಕ್ಯದಲ್ಲೇ ಗಡಿ ದಾಟಬಹುದಿತ್ತು. ಪ್ರೋಗ್ರಾಮರುಗಳು ಮಾತ್ರ ಇಂಗ್ಲಿಷಿನಲ್ಲೇ ಒಂದು ಸಾಲು ಬರೆದು, ಅದರ ಕೆಳಗೆ ಕಣ್ಣಿಗೆ ಕಾಣದ ಕಾಮೆಂಟು ತುರುಕಿ ಪುಟದ ತೂಕ ಹೆಚ್ಚಿಸುತ್ತಿದ್ದರು.