ಸುಕ್ಕಿದ್ದಾಕಿಗೇ ಕಿರೀಟ

ಬ್ಯಾಡಗಿ. ಮೆಣಸಿನಕಾಯಿ ತೊಟ್ಟು ಬಿಡಿಸುವ ಅಜ್ಜಿ. ರಾಣೇಬೆನ್ನೂರು ಕಾಲೇಜಿಗೆ ಹೋಗುವ, ಸದ್ಯ ಮೊಬೈಲಿನಲ್ಲಿ ಮುಳುಗಿರುವ ಮೊಮ್ಮಗಳು.

ಮೊಮ್ಮಗಳು: ಯಜ್ಜಿ, 2022ರಾಗ ಮಿಸ್ ಇಂಡಿಯಾ ಕಿರೀಟ ಕರ್ನಾಟಕಕ್ಕ ಬಂತು ನೋಡು. ಸಿನಿ ಶೆಟ್ಟಿ.

ಅಜ್ಜಿ: ಎಲ್ಲಿ ಹುಟ್ಟಿದಾಕಿ?

ಮೊಮ್ಮಗಳು: ಮುಂಬೈನಾಗ.

ಅಜ್ಜಿ: ಇರ್ಲಿ ಬಿಡು. ನಮ್ಮ ಪ್ಯಾಟಿಗೂ ಆಂಧ್ರದ ಕಾಯಿ ಬರತಾವ. ಬಂದಮ್ಯಾಲ ಎಲ್ಲಾ ಬ್ಯಾಡಗಿನ. ಏನ್ ನೋಡಿ ಆರಿಸ್ತಾರ?

ಮೊಮ್ಮಗಳು: ಎತ್ತರ, ಮೈಕಟ್ಟು, ನಡಿಗಿ. ಕಡೀಕ ಒಂದು ಪ್ರಶ್ನಿ.

ಅಜ್ಜಿ: ನಮ್ಮ ಕಾಯಿ ಪುಣ್ಯವಂತ, ಯಾರೂ ಪ್ರಶ್ನಿ ಕೇಳಂಗಿಲ್ಲ. ಕಡ್ಡಿ ತಳಿ ತೆಳ್ಳಗ, ಡಬ್ಬಿ ತಳಿ ದುಂಡಗ, ಎರಡಕ್ಕೂ ಗಿರಾಕಿ. ಮೈತುಂಬ ಸುಕ್ಕು ಇರಬೇಕು. ಇಲ್ಲಂದ್ರ ಬ್ಯಾಡಗಿ ಅಂತ ಯಾರೂ ನಂಬಂಗಿಲ್ಲ. 2011ರಾಗ ಜಿಐ ಪಟ್ಟಾನೂ ಸಿಕ್ಕೈತಿ.

ಮೊಮ್ಮಗಳು: ಅಲ್ಲಿ ಸುಕ್ಕಿದ್ರ ಗೇಟಿನಾಗ ವಾಪಸ್!

ಅಜ್ಜಿ: ತುಟಿಗೇನು ಹಚ್ಯಾಳ? ಈ ಕಾಯಿ ಎಣ್ಣಿ ಬಣ್ಣ ತುಟಿಗೂ ಉಗುರಿಗೂ ಹೋಗತೈತಿ. ಅರ್ಧ ಕಿರೀಟ ನಂದ!

ಮೊಮ್ಮಗಳು: 1996ರಾಗ ಬೆಂಗಳೂರಾಗ ಮಿಸ್ ವರ್ಲ್ಡ್ ನಡೆದಾಗ ಭಾರಿ ಗಲಾಟಿ ಆಗಿತ್ತಂತ. ಈಜುಡುಗಿ ಸುತ್ತು ಸೀಶೆಲ್ಸ್ ದ್ವೀಪಕ್ಕ ಸಾಗಿಸಿದ್ರಂತ.

ಅಜ್ಜಿ: ನಮ್ಮ ಮಾನ ಉಳೀತು. ದ್ವೀಪದವರ ಮಾನ ಅವರು ನೋಡ್ಕೋತಾರ.

(ಸ್ಪರ್ಧೆ ನಡೆದ ಕ್ರೀಡಾಂಗಣದ ಹೊರಗೆ ಅಷ್ಟು ಪೊಲೀಸರು ನಿಂತು ಕಾಯ್ದದ್ದು ಯಾರ ಸೌಂದರ್ಯವನ್ನೋ!)

ಮೊಮ್ಮಗಳು: ಗೆದ್ದಾಕಿಗೆ ಫಳಫಳ ಹೊಳಿಯೋ ಕಿರೀಟ, ಯಜ್ಜಿ.

ಅಜ್ಜಿ: ಹಾವೇರಿ ಏಲಕ್ಕಿ ಹಾರ ಹಾಕಂಗಿಲ್ಲ? ಹಂಗಾದ್ರ ಅದೆಂಥಾ ಸನ್ಮಾನ!

ಓದುಗರೇ, ಮುಂದಿನ ಸ್ಪರ್ಧೆಗೆ ಅನುಭವಿ ತೀರ್ಪುಗಾರರು ಬೇಕಿದ್ದರೆ ಸೋಮವಾರ ಇಲ್ಲವೇ ಗುರುವಾರ, ಟೆಂಡರ್ ದಿನ, ಬ್ಯಾಡಗಿ ಮಾರುಕಟ್ಟೆಗೆ ಬನ್ನಿ. ಮೂಗಿಗೊಂದು ಬಟ್ಟೆ ಕಟ್ಟಿಕೊಂಡು ಬನ್ನಿ.